ಮಕ್ಕಳ ಜೊತೆ ಹೊರಟರೆ ಯಾರ ಇಷ್ಟದ ಜಾಗಕ್ಕೆ ಹೋಗಬೇಕು?

ಹಿಂದಿನ ಸೀಟಿನ ಅಮ್ಮ
ನಮಗೆ ಇಬ್ಬರು ಮಕ್ಕಳು. ದೊಡ್ಡವಳಿಗೆ ಒಂಬತ್ತು, ಚಿಕ್ಕವನಿಗೆ ನಾಲ್ಕು. ರಜೆ ಬಂತು ಅಂದರೆ ನಾನೂ ನಮ್ಮವರೂ ಕೂತು ಪ್ಲಾನ್ ಹಾಕುತ್ತೇವೆ. ಎಷ್ಟು ಹೊತ್ತಿಗೆ ಹೊರಡುವುದು, ಎಲ್ಲಿ ಎಷ್ಟು ಹೊತ್ತು ನಿಲ್ಲುವುದು, ಎಲ್ಲಾ ಬರೆದಿಟ್ಟುಕೊಂಡೇ ಹೋಗುವುದು.

ಕಳೆದ ವಾರ ಒಂದು ಜಲಪಾತ ನೋಡಲು ಹೋದೆವು. ಗಾಡಿ ನಿಲ್ಲಿಸಿದ ಜಾಗದ ಪಕ್ಕದಲ್ಲೇ ಒಂದು ಕೆಸರು ಹೊಂಡ. ಚಿಕ್ಕವನು ಅದಕ್ಕೆ ಕಲ್ಲು ಎಸೆಯಲು ಶುರು ಮಾಡಿದವನು ಅಲ್ಲಿಂದ ಕದಲಲೇ ಇಲ್ಲ. ದೊಡ್ಡವಳಿಗೆ ಬೇಗ ಮೇಲೆ ಹತ್ತಬೇಕು. ನಮ್ಮವರಿಗೆ ಬಿಸಿಲು ಇಳಿಯುವ ಮುಂಚೆ ಫೋಟೊ ಬೇಕು. ಕೊನೆಗೆ ಚಿಕ್ಕವನನ್ನು ಎತ್ತಿಕೊಂಡೇ ನಡೆದೆವು. ದಾರಿಯುದ್ದಕ್ಕೂ ಅಳು. ಜಲಪಾತದ ಮುಂದೆ ತೆಗೆದ ಫೋಟೊ ನೋಡಿದರೆ, ಯಾರೋ ನಾಲ್ಕು ಜನಕ್ಕೂ ದಂಡ ಹಾಕಿ ನಿಲ್ಲಿಸಿದ ಹಾಗಿದೆ.

ಮಕ್ಕಳ ಇಷ್ಟಕ್ಕೆ ಬಿಟ್ಟರೆ ಎಲ್ಲಿಗೂ ತಲುಪುವುದಿಲ್ಲ. ನಮ್ಮ ಇಷ್ಟಕ್ಕೆ ಹೋದರೆ ಅಳು. ನಿಮ್ಮ ಮನೆಯಲ್ಲಿ ಹೇಗೆ?

ಸುಮ್ನೆ ಬಂದೆ
ಹೊಂಡ ಚೆನ್ನಾಗಿತ್ತಾ?

ಹಿಂದಿನ ಸೀಟಿನ ಅಮ್ಮ
@ಸುಮ್ನೆ ಬಂದೆ ಅವನ ಪ್ರಕಾರ ಜಲಪಾತಕ್ಕಿಂತ ಚೆನ್ನಾಗಿತ್ತು.

ಇರುವೆ ಸಾಲು
ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಾಲ್ಕು ವರ್ಷದ ಮಗುವಿಗೆ ಜಲಪಾತದಲ್ಲಿ ಮಾಡುವುದಕ್ಕೆ ಏನಿದೆ ಹೇಳಿ. ದೂರದಲ್ಲಿ ನೀರು ಬೀಳುತ್ತದೆ. ಮುಟ್ಟುವ ಹಾಗಿಲ್ಲ, ಹತ್ತಿರ ಹೋಗುವ ಹಾಗಿಲ್ಲ, ಸದ್ದಿಗೆ ಮಾತೂ ಕೇಳಿಸುವುದಿಲ್ಲ. ಹೊಂಡ ಹಾಗಲ್ಲ. ಕಲ್ಲು ಎಸೆದರೆ ಸದ್ದು ಬರುತ್ತದೆ, ನೀರು ಹಾರುತ್ತದೆ, ದೊಡ್ಡ ಕಲ್ಲಿಗೆ ಒಂದು ಥರ, ಚಿಕ್ಕದಕ್ಕೆ ಇನ್ನೊಂದು ಥರ. ಅವನು ಅಲ್ಲಿ ಕೆಲಸ ಮಾಡುತ್ತಿದ್ದ, ನೀವು ಎಬ್ಬಿಸಿಕೊಂಡು ಹೋದಿರಿ.

ನೋಟ ದೊಡ್ಡವರಿಗೆ, ಮುಟ್ಟುವುದು ಚಿಕ್ಕವರಿಗೆ. ನಾನು ಜಾಗ ಆರಿಸುವುದು ಇಷ್ಟನ್ನೇ ನೋಡಿ.

ಏರುದಾರಿ
ಇದನ್ನು ನಾನು ಒಪ್ಪುವುದಿಲ್ಲ. ಹೊಂಡದ ಪಕ್ಕ ಕೂರುವುದೇ ಆದರೆ ಹಿತ್ತಲಲ್ಲೇ ಒಂದು ಹೊಂಡ ತೋಡಿ, ಪೆಟ್ರೋಲ್ ಉಳಿಯುತ್ತದೆ. ಮಕ್ಕಳಿಗೂ ಸ್ವಲ್ಪ ಕಾಯುವುದು, ಬೇಜಾರಾದರೂ ನಡೆಯುವುದು ಗೊತ್ತಾಗಬೇಕು. ನನ್ನ ಮಗ ಐದನೇ ವರ್ಷಕ್ಕೆ ನನ್ನ ಜೊತೆ ಬೆಟ್ಟ ಹತ್ತುತ್ತಿದ್ದ. ಅತ್ತಿದ್ದಾನೆ, ಇಲ್ಲ ಅನ್ನುವುದಿಲ್ಲ. ತುದಿ ಮುಟ್ಟಿದ ಮೇಲೆ ಅವನ ಮುಖ ನೋಡಬೇಕಿತ್ತು. ಎಲ್ಲವನ್ನೂ ಮಕ್ಕಳ ಮೂಗಿನ ನೇರಕ್ಕೆ ಮಾಡುತ್ತಾ ಹೋದರೆ ಅಪ್ಪ ಅಮ್ಮ ಡ್ರೈವರ್ ಆಗಿಬಿಡುತ್ತಾರೆ.

ಅವಳಿಗಳ ಅಪ್ಪ
@ಏರುದಾರಿ ಒಬ್ಬ ಮಗನನ್ನು ಹತ್ತಿಸುವುದು ಬೇರೆ ಸಾರ್. ಎರಡು ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಂದೇ ದಾರಿಯಲ್ಲಿ ಎಳೆಯುವುದು ಬೇರೆ. ನನಗಿರುವುದು ಒಂದೇ ವಯಸ್ಸಿನ ಎರಡು, ಅವೇ ಒಂದೇ ದಿಕ್ಕಿಗೆ ಓಡುವುದಿಲ್ಲ.

ಬೂಟಿನಲ್ಲಿ ಮರಳು
ಅಕ್ಕಾ, ನಿಮ್ಮ ಪ್ಲಾನ್ ದೊಡ್ಡವರ ಕಾಲಿಗೆ ಲೆಕ್ಕ ಹಾಕಿದ್ದು ಅನ್ನಿಸುತ್ತದೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಅನ್ನುವ ಬೆಟ್ಟ ಹತ್ತುವವರು ಒಂದು ಲೆಕ್ಕ ಕೊಟ್ಟರು. ಮೂರು ಮೈಲಿಗೆ ಒಂದು ಗಂಟೆ, ಅಂದರೆ ಸುಮಾರು 5 ಕಿಲೋಮೀಟರ್. ಜೊತೆಗೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಇವತ್ತಿಗೂ ಚಾರಣಕ್ಕೆ ಹೋಗುವವರು ಇದನ್ನೇ ಹಿಡಿದು ಶುರು ಮಾಡುತ್ತಾರೆ. ಆದರೆ ಅದು ಗಟ್ಟಿಮುಟ್ಟಾದ ದೊಡ್ಡವರ ಲೆಕ್ಕ. ಅದರಲ್ಲಿ ಹೂವು ಕೀಳುವುದು, ಸಾಕ್ಸ್ ಒಳಗಿನ ಕಲ್ಲು ತೆಗೆಯುವುದು, 'ಮೂತ್ರ ಬಂತು' ಯಾವುದೂ ಇಲ್ಲ. ಚಿಕ್ಕ ಮಕ್ಕಳಿದ್ದರೆ ನಾನು ಅದನ್ನು ಎರಡು ಪಟ್ಟು ಮಾಡಿ, ಮೇಲೆ ಇನ್ನೊಂದಿಷ್ಟು ಸೇರಿಸುತ್ತೇನೆ.

ಇನ್ನೊಂದು ವಿಷಯ. ಮಕ್ಕಳಿಗೆ ಸುಸ್ತಾಗುವುದು ಹೋಗುವಾಗ ಅಲ್ಲ, ವಾಪಸ್ ಬರುವಾಗ. 'ಇನ್ನೂ ಶಕ್ತಿ ಇದೆ' ಅನ್ನಿಸಿದಾಗಲೇ ತಿರುಗಬೇಕು. ಹೆಗಲ ಮೇಲೆ ಹೊತ್ತುಕೊಂಡು ಇಳಿದವರಿಗೆ ಇದು ಗೊತ್ತಿರುತ್ತದೆ.

ಏರುದಾರಿ
ನೈಸ್ಮಿತ್ ಲೆಕ್ಕ ಸರಿ. ಆದರೆ ಎರಡು ಪಟ್ಟು ಸಮಯ ಇಟ್ಟುಕೊಂಡರೆ ತುದಿಗೇ ಹೋಗಬಹುದಲ್ವಾ? ನಾನು ಹೇಳಿದ್ದೂ ಅದೇ. ಬೇಗ ಹೊರಡಿ, ಅರ್ಧಕ್ಕೆ ಬಿಡಬೇಡಿ.

ಬೂಟಿನಲ್ಲಿ ಮರಳು
ತುದಿ ಎಲ್ಲಿಗೂ ಓಡಿಹೋಗುವುದಿಲ್ಲ ಸಾರ್, ಮುಂದಿನ ವರ್ಷವೂ ಇರುತ್ತದೆ.

ನೀಲಿ ಛತ್ರಿ
ನಮ್ಮದು ಬೇರೆಯೇ ಗೋಳು. ಜಾಗ ತಲುಪುವ ಮುಂಚೆಯೇ ಎರಡನೆಯವಳು ವಾಂತಿ. ಘಾಟಿ ದಾರಿ ಅಂದರೆ ಮುಗಿಯಿತು. ಗಾಡಿಯಲ್ಲಿ ಸುಮ್ಮನಿರಲಿ ಅಂತ ಮೊಬೈಲ್ ಕೊಡುತ್ತೇವೆ, ಸ್ವಲ್ಪ ಹೊತ್ತಿಗೆಲ್ಲಾ ಮುಖ ಬಿಳಿಚಿಕೊಳ್ಳುತ್ತದೆ. ಯಾರಿಗಾದರೂ ಉಪಾಯ ಗೊತ್ತಾ?

ಒಂಟಿ ಸಾರಥಿ
@ನೀಲಿ ಛತ್ರಿ ಮುಂದಿನ ಸೀಟಿನಲ್ಲಿ ಕೂರಿಸಿ. ನನಗೂ ಚಿಕ್ಕಂದಿನಲ್ಲಿ ಹಾಗೇ ಆಗುತ್ತಿತ್ತು, ಮುಂದೆ ಕೂತರೆ ಸರಿಹೋಗುತ್ತಿತ್ತು.

ಮಕ್ಕಳ ವಾರ್ಡ್
ದಯವಿಟ್ಟು ಬೇಡ. ಹದಿಮೂರು ವರ್ಷ ಆಗುವ ತನಕ ಹಿಂದಿನ ಸೀಟೇ ಸರಿ. ಮುಂದೆ ಏರ್‌ಬ್ಯಾಗ್ ಇರುತ್ತದೆ. ಅದು ದೊಡ್ಡವರ ಮೈಗೆ ಲೆಕ್ಕ ಹಾಕಿ ಮಾಡಿದ್ದು, ಬಿಚ್ಚಿಕೊಳ್ಳುವ ರಭಸಕ್ಕೆ ಮಕ್ಕಳಿಗೆ ದೊಡ್ಡ ಪೆಟ್ಟಾಗಬಹುದು. ಹಿಂದೆಯೇ ಕೂರಿಸಿ, ವಯಸ್ಸಿಗೆ ತಕ್ಕ ಸೀಟು, ಬೆಲ್ಟು ಹಾಕಿ.

ವಾಂತಿ ಯಾಕೆ ಅಂದರೆ, ಒಳಗಿವಿ 'ನಾವು ಓಡುತ್ತಿದ್ದೇವೆ' ಅನ್ನುತ್ತದೆ. ಮೊಬೈಲ್ ನೋಡುವ ಕಣ್ಣು 'ಇಲ್ಲ, ಕೂತಿದ್ದೇವೆ' ಅನ್ನುತ್ತದೆ. ಎರಡಕ್ಕೂ ತಾಳೆ ಆಗದೆ ಹೊಟ್ಟೆ ತೊಳಸುತ್ತದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಅಪರೂಪ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಜಾಸ್ತಿ, ದೊಡ್ಡವರಾಗುತ್ತಾ ಎಷ್ಟೋ ಮಕ್ಕಳಿಗೆ ಕಡಿಮೆ ಆಗುತ್ತದೆ. ಮೊದಲು ಮೊಬೈಲ್, ಪುಸ್ತಕ ಎತ್ತಿಡಿ. ಕಿಟಕಿಯಿಂದ ದೂರಕ್ಕೆ, ಮುಂದಕ್ಕೆ ನೋಡಲು ಹೇಳಿ. ಸ್ವಲ್ಪ ಗಾಳಿ ಬರಲಿ. ಖಾಲಿ ಹೊಟ್ಟೆಯೂ ಬೇಡ, ಹೊಟ್ಟೆ ಬಿರಿಯ ತಿನ್ನಿಸುವುದೂ ಬೇಡ. ಮಾತ್ರೆ ಬೇಕೇ ಬೇಕು ಅಂದರೆ ಡಾಕ್ಟರನ್ನು ಕೇಳಿ. ಇಲ್ಲಿ ಯಾರೋ ಹೆಸರು ಹೇಳಿದರು ಅಂತ ಕೊಡಬೇಡಿ.

ಒಂಟಿ ಸಾರಥಿ
ಏರ್‌ಬ್ಯಾಗ್ ವಿಷಯ ಒಪ್ಪಿದೆ. ಆದರೆ ಮೊಬೈಲ್ ಇಲ್ಲದೆ ಮೂರು ಗಂಟೆ ದಾರಿ? ನಾನೊಬ್ಬಳೇ ಗಾಡಿ ಓಡಿಸುವವಳು. ಹಿಂದೆ ಇಬ್ಬರೂ ಕಿತ್ತಾಡಿದರೆ ಬಿಡಿಸಲು ಇನ್ನೊಂದು ಕೈ ಇಲ್ಲ. ಜೋಡಿಯಾಗಿ ಹೋಗುವವರು ಕೊಡುವ ಸಲಹೆಗಳಲ್ಲಿ ಅರ್ಧ ನನಗೆ ಹೊಂದುವುದೇ ಇಲ್ಲ.

ಇರುವೆ ಸಾಲು
@ಒಂಟಿ ಸಾರಥಿ ಆಡಿಯೋ ಕಥೆ ಹಾಕಿ. ಕಿವಿಗೆ ಕೆಲಸ, ಕಣ್ಣಿಗೆ ಕಿಟಕಿ. ವಾಂತಿಯೂ ಇಲ್ಲ, ಜಗಳವೂ ಕಡಿಮೆ. ಕಥೆ ಅರ್ಧಕ್ಕೆ ನಿಲ್ಲಿಸಿ 'ಉಳಿದದ್ದು ವಾಪಸ್ ಬರುವಾಗ' ಅನ್ನಿ, ಹೊರಡುವಾಗಿನ ರಗಳೆಯೂ ತಪ್ಪುತ್ತದೆ.

ಒಂಟಿ ಸಾರಥಿ
ಈ ಕೊನೆಯದು ಚೆನ್ನಾಗಿದೆ. ಕದ್ದೆ.

ಅಜ್ಜಿಯೂ ಬರ್ತಾಳೆ
ನನ್ನನ್ನೂ ಮೊಮ್ಮಕ್ಕಳ ಜೊತೆ ಕರೆದುಕೊಂಡು ಹೋಗುತ್ತಾರೆ. ನನ್ನ ಮಂಡಿಗೂ ಆ ನಾಲ್ಕು ವರ್ಷದವನ ಕಾಲಿಗೂ ಒಂದೇ ವೇಗ. ಹಾಗಾಗಿ ನಾವಿಬ್ಬರೂ ಹೊಂಡದ ಪಾರ್ಟಿ. ಉಳಿದವರು ತುದಿಗೆ ಹೋಗಿ ಬರಲಿ, ನಾವು ಕೆಳಗೆ ಕೂತಿರುತ್ತೇವೆ. ಎಲ್ಲರೂ ಎಲ್ಲಾ ಕಡೆ ಒಟ್ಟಿಗೇ ಹೋಗಬೇಕು ಅಂತ ಯಾರು ಹೇಳಿದ್ದು ಮಗಳೇ?

ಅವಳಿಗಳ ಅಪ್ಪ
ಅಜ್ಜಿ ಹೇಳಿದ್ದೇ ಸರಿ. ನಾವು ಈಗ ಮಾಡುವುದು ಅದನ್ನೇ. ಜಾಗ ತಲುಪಿದ ಮೇಲೆ ಎರಡು ಗುಂಪು. ನಾನು ಒಬ್ಬನ ಜೊತೆ, ಅವಳು ಇನ್ನೊಬ್ಬನ ಜೊತೆ, ಮಧ್ಯಾಹ್ನ ಬದಲಾಯಿಸಿಕೊಳ್ಳುತ್ತೇವೆ. ಒಬ್ಬನೇ ಇದ್ದಾಗ ಮಗು ಬೇರೆಯೇ ಆಗಿಬಿಡುತ್ತದೆ, ಗಮನಿಸಿದ್ದೀರಾ? ಮನೆಯಲ್ಲಿ ಒಂದು ಮಾತೂ ಆಡದವನು ಕಾಲುದಾರಿಯಲ್ಲಿ ಶಾಲೆಯ ಕಥೆಯೆಲ್ಲಾ ಹೇಳುತ್ತಾನೆ.

ಏರುದಾರಿ
ಹಾಗಾದರೆ ಅದು ಫ್ಯಾಮಿಲಿ ಔಟಿಂಗ್ ಹೇಗಾಯಿತು? ಎರಡು ಬೇರೆ ಬೇರೆ ಔಟಿಂಗ್, ಒಂದು ಪಾರ್ಕಿಂಗ್ ಚೀಟಿ.

ಅವಳಿಗಳ ಅಪ್ಪ
@ಏರುದಾರಿ ಊಟಕ್ಕೆ ಒಟ್ಟಿಗೇ ಕೂರುತ್ತೇವೆ ಸಾರ್. ಆಗ ಹೇಳಿಕೊಳ್ಳಲು ಎರಡು ಕಥೆ ಇರುತ್ತವೆ.

ಎಲೆ ಮರೆ
ಹಾಗಾದರೆ ಚಿಕ್ಕವನು ನಿದ್ದೆ ಹೋದರೆ ಕಾರಲ್ಲೇ ಬಿಟ್ಟು, ಗ್ಲಾಸು ಸ್ವಲ್ಪ ಇಳಿಸಿ, ದೊಡ್ಡವಳಿಗೆ ಹತ್ತು ನಿಮಿಷ ಮೇಲೆ ತೋರಿಸಿಕೊಂಡು ಬರಬಹುದಲ್ಲ. ನಾವು ಹಾಗೆ ಮಾಡುತ್ತೇವೆ, ನೆರಳಲ್ಲಿ ನಿಲ್ಲಿಸಿ.

ಮಕ್ಕಳ ವಾರ್ಡ್
@ಎಲೆ ಮರೆ ಇಲ್ಲ. ಯಾವತ್ತೂ ಇಲ್ಲ. ಹೊರಗೆ ಬರೀ 21 ಡಿಗ್ರಿ ಇದ್ದರೂ ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷಕ್ಕೆ 30 ದಾಟುತ್ತದೆ, ಅರ್ಧ ಗಂಟೆಗೆ 40ರ ಹತ್ತಿರ ಹೋಗುತ್ತದೆ. ಗ್ಲಾಸು ಸ್ವಲ್ಪ ಇಳಿಸಿದರೆ ಹೆಚ್ಚೇನೂ ವ್ಯತ್ಯಾಸ ಆಗುವುದಿಲ್ಲ. ನೆರಳು ಅಂತೀರಿ, ಸೂರ್ಯ ಸರಿದರೆ ನೆರಳೂ ಸರಿಯುತ್ತದೆ. ಮಕ್ಕಳ ಮೈ ನಮ್ಮದಕ್ಕಿಂತ ಬಹಳ ಬೇಗ ಕಾಯುತ್ತದೆ. ಹತ್ತು ನಿಮಿಷ ಅಂತ ಹೋದವರು ಹತ್ತೇ ನಿಮಿಷಕ್ಕೆ ವಾಪಸ್ ಬಂದದ್ದು ನಾನು ನೋಡಿಲ್ಲ.

ಎಲೆ ಮರೆ
ಸರಿ ಮೇಡಂ, ಇಷ್ಟು ಬೇಗ ಕಾಯುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಬೂಟಿನಲ್ಲಿ ಮರಳು
ಸುರಕ್ಷತೆ ಮಾತು ಬಂತಲ್ಲ, ಎರಡು ವಿಷಯ ಹೇಳಿಬಿಡುತ್ತೇನೆ. ಒಂದು, ಬೆಳಿಗ್ಗೆ ಹೊರಡುವಾಗಲೇ ಮಕ್ಕಳ ಒಂದು ಫೋಟೊ ತೆಗೆದಿಡಿ, ಅವತ್ತಿನ ಬಟ್ಟೆಯಲ್ಲಿ, ತಲೆಯಿಂದ ಚಪ್ಪಲಿ ತನಕ. ಜನಜಂಗುಳಿಯಲ್ಲಿ ಮಗು ಕಾಣದಿದ್ದರೆ 'ಯಾವ ಬಣ್ಣದ ಅಂಗಿ' ಅಂದಾಗ ನಮ್ಮ ತಲೆ ಓಡುವುದೇ ಇಲ್ಲ.

ಎರಡು, ಕಾಡಿನ ಕಡೆ ಹೋದರೆ ಕೊರಳಿಗೆ ಒಂದು ಸೀಟಿ ಕಟ್ಟಿ. ದಾರಿ ತಪ್ಪಿದರೆ ನಿಂತ ಜಾಗದಲ್ಲೇ ನಿಲ್ಲಬೇಕು, ಒಂದು ಮರ ಹಿಡಿದುಕೊಂಡು ಸೀಟಿ ಊದಬೇಕು ಅಂತ ಹೇಳಿಕೊಡಿ. ಅಮೆರಿಕದಲ್ಲಿ 1981ರಲ್ಲಿ ಒಬ್ಬ ಪುಟ್ಟ ಹುಡುಗ ಕಾಡಿನಲ್ಲಿ ಕಳೆದುಹೋಗಿ ತೀರಿಕೊಂಡ. ಆಮೇಲೆ ಹುಡುಕಾಟಕ್ಕೆ ಹೋದವರೇ 'ಮರ ತಬ್ಬಿಕೋ' ಅಂತ ಮಕ್ಕಳಿಗೆ ಪಾಠ ಶುರು ಮಾಡಿದರು. ಅಲೆಯುತ್ತಾ ಹೋದಷ್ಟೂ ಹುಡುಕುವ ಜಾಗ ದೊಡ್ಡದಾಗುತ್ತದೆ. ನಿಂತ ಮಗು ಬೇಗ ಸಿಗುತ್ತದೆ. 'ನಾವು ಬೈಯುವುದಿಲ್ಲ, ಹುಡುಕುವವರು ಕೂಗಿದರೆ ಓಗೊಡು' ಅಂತಲೂ ಹೇಳಿ. ಬೈಗುಳಕ್ಕೆ ಹೆದರಿ ಬಚ್ಚಿಟ್ಟುಕೊಳ್ಳುವ ಮಕ್ಕಳೂ ಇರುತ್ತಾರೆ.

ಸುಮ್ನೆ ಬಂದೆ
ಸೀಟಿ ಕೊಟ್ಟರೆ ದಾರಿಯುದ್ದಕ್ಕೂ ಊದುತ್ತಾರೆ.

ಬೂಟಿನಲ್ಲಿ ಮರಳು
@ಸುಮ್ನೆ ಬಂದೆ ಊದಲಿ ಬಿಡಿ. ಎಲ್ಲಿದ್ದಾರೆ ಅಂತ ಗೊತ್ತಾಗುತ್ತಿರುತ್ತದೆ.

ಮಕ್ಕಳ ವಾರ್ಡ್
ನೀರಿನ ವಿಷಯವೂ ಸೇರಿಸುತ್ತೇನೆ. ಮುಳುಗುವ ಮಗು ಕೈ ಬಡಿದು ಕೂಗಾಡುತ್ತದೆ ಅಂದುಕೊಂಡಿರುತ್ತೇವೆ. ಹೆಚ್ಚಿನ ಸಲ ಸದ್ದೇ ಇರುವುದಿಲ್ಲ, ಬಾಯಿ ನೀರಿನ ಮಟ್ಟದಲ್ಲಿದ್ದರೆ ಕೂಗುವುದು ಹೇಗೆ? ಚಿಕ್ಕವರು ನೀರಿಗಿಳಿದರೆ ಕೈಗೆಟುಕುವಷ್ಟು ದೂರದಲ್ಲಿ ಒಬ್ಬ ದೊಡ್ಡವರು ಇರಬೇಕು, ಅವರ ಕೈಯಲ್ಲಿ ಮೊಬೈಲ್ ಇರಬಾರದು. 'ಎಲ್ಲರೂ ನೋಡುತ್ತಿದ್ದೇವೆ' ಅಂದರೆ ಯಾರೂ ನೋಡುತ್ತಿಲ್ಲ ಅಂತ ಅರ್ಥ. ಈಜುಡುಗೆ ಕಿತ್ತಳೆ, ಗುಲಾಬಿ ಥರದ ಕಣ್ಣಿಗೆ ಹೊಡೆಯುವ ಬಣ್ಣದ್ದಿರಲಿ. ತಿಳಿ ನೀಲಿ, ಬಿಳಿ ನೀರಿನೊಳಗೆ ಕಾಣುವುದೇ ಇಲ್ಲ. ತೋಳಿಗೆ ಹಾಕುವ ಗಾಳಿಬುಗ್ಗೆ ಆಟದ ಸಾಮಾನು, ಅದು ಲೈಫ್ ಜಾಕೆಟ್ ಅಲ್ಲ.

ಹದಿನಾರರ ಮನೆ
ನೀವೆಲ್ಲಾ ಪುಣ್ಯವಂತರು. ನಿಮ್ಮ ಮಕ್ಕಳು ಕೊನೇ ಪಕ್ಷ ಗಾಡಿ ಹತ್ತುತ್ತಾರೆ. ನನ್ನ ಮನೆಯ ಹದಿನಾರು ವರ್ಷದವನು 'ನೀವು ಹೋಗಿ ಬನ್ನಿ' ಅನ್ನುತ್ತಾನೆ.

ಅಜ್ಜಿಯೂ ಬರ್ತಾಳೆ
@ಹದಿನಾರರ ಮನೆ ಜೊತೆಗೆ ಒಬ್ಬ ಸ್ನೇಹಿತನನ್ನು ಕರೆದುಕೊ ಅನ್ನು. ಬರುತ್ತಾನೆ.

ಬೂಟಿನಲ್ಲಿ ಮರಳು
@ಹದಿನಾರರ ಮನೆ ಜಿಯೋಕ್ಯಾಶಿಂಗ್ ಕೇಳಿದ್ದೀರಾ? ಯಾರೋ ಒಂದು ಡಬ್ಬಿ ಬಚ್ಚಿಟ್ಟು ಅದರ ಜಿಪಿಎಸ್ ಗುರುತು ಹಾಕಿರುತ್ತಾರೆ, ಉಳಿದವರು ಹುಡುಕಿ ಒಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು. 2000ದ ಮೇನಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಿಗ್ನಲ್‌ಗೆ ಬೇಕೆಂದೇ ಸೇರಿಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಕೆಲವೇ ದಿನದಲ್ಲಿ ಒರೆಗಾನ್‌ನಲ್ಲಿ ಒಬ್ಬರು ಮೊದಲ ಡಬ್ಬಿ ಬಚ್ಚಿಟ್ಟರು. ಮೊಬೈಲ್ ಬಿಡದ ಹುಡುಗನಿಗೆ ಮೊಬೈಲ್ ಹಿಡಿದುಕೊಂಡೇ ಹೊರಗೆ ತಿರುಗುವ ಆಟ ಇದು. ದಾರಿ ತೋರಿಸುವ ಕೆಲಸ ಅವನಿಗೇ ಕೊಡಿ. ನೀವು ಹಿಂದೆ ನಡೆಯಿರಿ, ತಪ್ಪು ದಾರಿ ಹಿಡಿದರೂ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿರಿ.

ಹದಿನಾರರ ಮನೆ
ಕೊನೆಯದೇ ಕಷ್ಟ. ನೋಡುತ್ತೇನೆ.

ಕತ್ತಲ ಕಣ್ಣು
ನನ್ನದೊಂದು ಓಟು ರಾತ್ರಿಗೆ. ಎಲ್ಲರೂ ಹಗಲು ಹೊತ್ತಿನ ಔಟಿಂಗ್ ಬಗ್ಗೆಯೇ ಹೇಳುತ್ತಿದ್ದೀರಿ. ಆಗಸ್ಟ್ 12-13ರ ಸುಮಾರಿಗೆ ಪರ್ಸೀಡ್ ಉಲ್ಕೆಗಳು, ಡಿಸೆಂಬರ್ 13-14ಕ್ಕೆ ಜೆಮಿನಿಡ್. ದುರ್ಬೀನೂ ಬೇಡ, ಟಿಕೆಟ್ಟೂ ಬೇಡ. ಬೆಳಕು ಕಡಿಮೆ ಇರುವ ಬಯಲು, ಒಂದು ಚಾಪೆ, ಹೊದಿಕೆ ಸಾಕು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಮಧ್ಯದಲ್ಲಿ ಯಾರೋ ಮೊಬೈಲ್ ತೆಗೆದರೆ ಮತ್ತೆ ಮೊದಲಿಂದ. ಟಾರ್ಚಿಗೆ ಕೆಂಪು ಕಾಗದ ಸುತ್ತಿ. ಮಕ್ಕಳಿಗೆ ಜೆಮಿನಿಡ್ ಒಳ್ಳೆಯದು, ಸಂಜೆ ಸ್ವಲ್ಪ ಬೇಗನೇ ಶುರುವಾಗುತ್ತದೆ. ಪರ್ಸೀಡ್ ಚೆನ್ನಾಗಿ ಕಾಣಬೇಕಾದರೆ ನಡುರಾತ್ರಿ ದಾಟಬೇಕು. ಹುಣ್ಣಿಮೆ ಹತ್ತಿರ ಇದ್ದರೆ ಮಾತ್ರ ಹೋಗಬೇಡಿ, ಬೆಳದಿಂಗಳಿಗೆ ಅರ್ಧ ಕಾಣುವುದಿಲ್ಲ.

ಅವಳಿಗಳ ಅಪ್ಪ
@ಕತ್ತಲ ಕಣ್ಣು ಮಕ್ಕಳನ್ನು ಒಂಬತ್ತಕ್ಕೆ ಮಲಗಿಸಲು ನಾವು ವರ್ಷಗಟ್ಟಲೆ ಒದ್ದಾಡಿದ್ದೇವೆ. ನೀವು ನಡುರಾತ್ರಿ ಅಂತೀರಿ!

ಹಿಂದಿನ ಸೀಟಿನ ಅಮ್ಮ
ಇಷ್ಟೊಂದು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ದೊಡ್ಡವಳಿಗೆ ಉಲ್ಕೆ ವಿಷಯ ಓದಿ ಹೇಳಿದೆ, ಈಗಲೇ ಹೊರಡೋಣ ಅನ್ನುತ್ತಿದ್ದಾಳೆ. ನಮ್ಮವರಿಗೆ ಏರುದಾರಿಯವರ ಮಾತು ಬಹಳ ಹಿಡಿಸಿತು, 'ನೋಡು, ನಾನು ಹೇಳಿದ್ದೂ ಅದೇ' ಅಂದರು. ಅಜ್ಜಿಯವರ ಪೋಸ್ಟ್ ತೋರಿಸಿದೆ, ಸುಮ್ಮನಾದರು.

ಒಂದು ಅನುಮಾನ. ಮ್ಯೂಸಿಯಂ ಥರದ ಜಾಗಕ್ಕೆ ಹೋದರೂ ಇದೇ ಗತಿಯಾ? ಅಲ್ಲಿ ಹೊಂಡವೂ ಇರುವುದಿಲ್ಲ.

ಇರುವೆ ಸಾಲು
ಮ್ಯೂಸಿಯಂನಲ್ಲಿ ದೊಡ್ಡವರಿಗೇ ಸುಸ್ತಾಗುತ್ತದೆ. 1916ರಲ್ಲೇ ಬೋಸ್ಟನ್ ಕಲಾ ಮ್ಯೂಸಿಯಂನ ಬೆಂಜಮಿನ್ ಐವ್ಸ್ ಗಿಲ್ಮನ್ ಇದರ ಬಗ್ಗೆ ಬರೆದಿದ್ದಾರೆ. ಬಗ್ಗಿ, ಕುಕ್ಕರಗಾಲಲ್ಲಿ ಕೂತು, ಕತ್ತು ಚಾಚಿ ವಸ್ತು ನೋಡುವ ಮನುಷ್ಯನ ಫೋಟೊಗಳನ್ನೂ ಹಾಕಿದ್ದರು. ದೊಡ್ಡವರ ಪಾಡೇ ಹಾಗಿದ್ದರೆ, ಗಾಜಿನ ಪೆಟ್ಟಿಗೆಯ ಕೆಳಗಿನ ಅಂಚು ಕಣ್ಣ ಮಟ್ಟಕ್ಕೆ ಬರುವ ಮಗುವಿಗೆ ಏನು ಕಾಣುತ್ತದೆ?

ನಾನು ಶಾಲೆ ಮಕ್ಕಳನ್ನು ಕರೆದುಕೊಂಡು ಹೋದಾಗ ಒಂದೇ ಕೋಣೆ. ಒಂದೇ ಪ್ರಶ್ನೆ. 'ಇಲ್ಲಿ ಹಲ್ಲು ಕಾಣುವ ಪ್ರಾಣಿ ಯಾವುದು ಯಾವುದು?' ಅಷ್ಟೇ. ಅದು ಮುಗಿದರೆ ಹೊರಗೆ ಬಂದು ಹುಲ್ಲಿನ ಮೇಲೆ ಓಡುವುದು. ಟಿಕೆಟ್ಟಿನ ದುಡ್ಡು ವಸೂಲಾಗಬೇಕು ಅಂತ ಮೂರು ಮಹಡಿ ಸುತ್ತಿಸುವ ಅಪ್ಪಂದಿರನ್ನು ನೋಡಿದರೆ ಅವರ ಮಕ್ಕಳ ಮೇಲೆ ಕನಿಕರ ಬರುತ್ತದೆ.

ಏರುದಾರಿ
ಕೊನೆಯ ಸಾಲು ನನಗೇ ಅಲ್ವಾ.

ಇರುವೆ ಸಾಲು
@ಏರುದಾರಿ ಮೂರು ಮಹಡಿ ಸುತ್ತಿಸುತ್ತೀರಾ?

ಏರುದಾರಿ
ನಾಲ್ಕು. ಆದರೂ ಒಂದು ಮಾತು. ಮಗ ಈಗ ಕಾಲೇಜಿನಲ್ಲಿದ್ದಾನೆ. ಹೊಂಡದ ಬಗ್ಗೆ ಅವನಿಗೆ ನೆನಪಿದೆಯೋ ಇಲ್ಲವೋ ಗೊತ್ತಿಲ್ಲ. ಮಳೆಯಲ್ಲಿ ನೆನೆದು ಇಳಿದದ್ದನ್ನು ಮಾತ್ರ ಇವತ್ತಿಗೂ ಸ್ನೇಹಿತರಿಗೆ ಹೇಳುತ್ತಾನೆ. ಕಷ್ಟಪಟ್ಟದ್ದು ಉಳಿಯುತ್ತದೆ. ಅದನ್ನು ನೀವು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ.

ಇರುವೆ ಸಾಲು
ಅದು ನಿಜ, ಒಪ್ಪುತ್ತೇನೆ. ಒಂಬತ್ತು ವರ್ಷದವಳಿಗೆ ಅದು ಬೇಕು. ನಾಲ್ಕು ವರ್ಷದವನಿಗೆ ಬೇಡ. ಒಂದೇ ಮನೆಯಲ್ಲಿ ಇಬ್ಬರೂ ಇದ್ದಾರೆ, ತೊಂದರೆ ಇರುವುದೇ ಅಲ್ಲಿ.

ಬೂಟಿನಲ್ಲಿ ಮರಳು
ಮಳೆ ಅಂದಿರಲ್ಲ, ಸಿಡಿಲಿನ ಲೆಕ್ಕ ಮಕ್ಕಳಿಗೆ ಹೇಳಿಕೊಡಿ. ಮಿಂಚು ಕಂಡ ಕೂಡಲೇ ಎಣಿಸಬೇಕು, ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗು ಕೇಳಿಸಿದರೆ ತಕ್ಷಣ ಕಟ್ಟಡದೊಳಗೆ ಇಲ್ಲವೇ ಗಟ್ಟಿ ಛಾವಣಿಯ ಕಾರಿನೊಳಗೆ. ಒಂಟಿ ಮರದ ಕೆಳಗೆ ನಿಲ್ಲಬಾರದು. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಹೊರಗೆ ಬರಬಾರದು. ಹೆದರುವ ಮಕ್ಕಳೂ ಎಣಿಸುತ್ತಾ ಹೆದರಿಕೆ ಮರೆಯುತ್ತಾರೆ. ಎತ್ತರಕ್ಕೆ ಹೋಗುವುದಾದರೆ ಸ್ವೆಟರ್ ಮರೆಯಬೇಡಿ, ಒಂದು ಕಿಲೋಮೀಟರ್ ಏರಿಗೆ ಸುಮಾರು ಆರೂವರೆ ಡಿಗ್ರಿ ಕಡಿಮೆ ಆಗುತ್ತದೆ.

ಒಂಟಿ ಸಾರಥಿ
ಈ ಬೂಟಿನವರು ಮನೆಯಲ್ಲೂ ಹೀಗೇ ಮಾತಾಡುತ್ತಾರಾ?

ಬೂಟಿನಲ್ಲಿ ಮರಳು
@ಒಂಟಿ ಸಾರಥಿ ಮನೆಯಲ್ಲಿ ಯಾರೂ ಕೇಳುವುದಿಲ್ಲ, ಅದಕ್ಕೇ ಇಲ್ಲಿ.

ಹಿಂದಿನ ಸೀಟಿನ ಅಮ್ಮ
ಸರಿ, ಮುಂದಿನ ಸಲ ಎರಡು ಗುಂಪು. ಅಪ್ಪ ಮಗಳು ಮೇಲೆ, ನಾನು ಚಿಕ್ಕವನು ಕೆಳಗೆ. ಅದರ ಮುಂದಿನ ಸಲ ಅದಲು ಬದಲು, ಯಾಕೆಂದರೆ ನನಗೂ ತುದಿ ನೋಡಬೇಕು. ಪ್ಲಾನ್‌ನಲ್ಲಿ ಒಂದೇ ಜಾಗ. ನಮ್ಮವರು ಅರೆಮನಸ್ಸಿನಿಂದ ಹೂಂ ಅಂದಿದ್ದಾರೆ.

ಅಜ್ಜಿಯೂ ಬರ್ತಾಳೆ
ಬದಲಿ ಬಟ್ಟೆ ಎರಡು ಜೊತೆ ಇಟ್ಟುಕೊ. ನಿನಗೂ ಒಂದು ಜೊತೆ.

ನೀಲಿ ಛತ್ರಿ
ವಾರ್ಡ್ ಮೇಡಂ ಹೇಳಿದ ಹಾಗೆ ಮೊಬೈಲ್ ಕೊಡದೆ, ಇರುವೆ ಸಾಲು ಹೇಳಿದ ಹಾಗೆ ಕಥೆ ಹಾಕಿ ಒಂದು ಸುತ್ತು ಹೋಗಿ ಬಂದೆವು. ಹೋಗುವಾಗ ಏನೂ ಆಗಲಿಲ್ಲ. ಬರುವಾಗ ಕೊನೆಯ ತಿರುವಿನಲ್ಲಿ ಸೀಟಿನ ಮೇಲೇ ಮಾಡಿಕೊಂಡಳು. ಈಗ ಬೇರೆ ಪ್ರಶ್ನೆ: ಸೀಟಿನ ವಾಸನೆ ಹೋಗುವುದು ಹೇಗೆ?

ಅವಳಿಗಳ ಅಪ್ಪ
@ನೀಲಿ ಛತ್ರಿ ಇದರಲ್ಲಿ ನನ್ನದು ಪಿಎಚ್‌ಡಿ. ಮೊದಲು ಒರೆಸಿ ತೆಗೆಯಿರಿ, ಉಜ್ಜಬೇಡಿ, ಒಳಕ್ಕೆ ಇಳಿಯುತ್ತದೆ. ಅಡುಗೆ ಸೋಡಾ ದಪ್ಪಗೆ ಉದುರಿಸಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ವ್ಯಾಕ್ಯೂಮ್ ಮಾಡಿ. ಬೆಲ್ಟಿನ ಪಟ್ಟಿಯನ್ನು ಪೂರ್ತಿ ಹೊರಗೆಳೆದು ನೋಡಿ, ವಾಸನೆ ಅಡಗಿರುವುದು ಹೆಚ್ಚಾಗಿ ಅಲ್ಲೇ. ಅದಕ್ಕೆ ಬರೀ ಸೋಪು ನೀರು ಸಾಕು, ಬ್ಲೀಚ್ ಗೀಚ್ ಹಾಕಿದರೆ ಪಟ್ಟಿ ದುರ್ಬಲ ಆಗುತ್ತದೆ.

ಸುಮ್ನೆ ಬಂದೆ
ಬೆಲ್ಟಿನ ಪಟ್ಟಿ! ಎರಡು ವರ್ಷದಿಂದ ಅದೇನು ವಾಸನೆ ಅಂತ ಹುಡುಕುತ್ತಿದ್ದೆ.